ಥೇಮ್ಸ್ ದಂಡೆಯ ಬಸವಣ್ಣನವರ ದರ್ಶನಕ್ಕೆ ರೈಲು ಪ್ರಯಾಣ

ನಮ್ಮ ಸೀಮೆಯ ಲಿಂಗವಂತ ಮನೆತನಗಳ ಹಿರಿಯರು ಹೊರದೇಶಕ್ಕೆ ಹೋಗಿ ಬರುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಮಗನೋ ಮಗಳೋ ಅಲ್ಲಿ ವೈದ್ಯವೃತ್ತಿಯಲ್ಲಿ ಅಥವಾ ಗಣಕಯಂತ್ರದ ಉದ್ಯೋಗದಲ್ಲಿ ನೆಲೆಸಿರುತ್ತಾರೆ. ಮಗಳ ಬಾಣಂತನವೆಂದೋ, ಮೊಮ್ಮಗನ ಜವಳವೆಂದೋ ತಂದೆತಾಯಿಗಳನ್ನು ಕರೆಸಿಕೊಳ್ಳುತ್ತಾರೆ. ಬ್ರಿಟನ್ನಿನ ಸಂದರ್ಶಕ ವೀಸಾದ ಮೇಲೆ ಹೋದವರು ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳವರೆಗೆ ಅಲ್ಲಿ ಇರಬಹುದು. ಆರು ತಿಂಗಳೆಂದರೆ ಸಣ್ಣ ಅವಧಿಯಲ್ಲ. ಆದರೆ ಹೋಗಿ ಬಂದವರನ್ನು ಏನೇನು ನೋಡಿದಿರಿ ಎಂದು ವಿಚಾರಿಸಿದರೆ ಅನೇಕರಿಂದ ಬರುವ ಉತ್ತರ ಒಂದೇ ಬಗೆಯದು: "ಮಗನಿಗೆ ರಜೆ ಸಿಕ್ಕಾಗ ಕಾರಿನಲ್ಲಿ ಕರೆದೊಯ್ದ. ಉಳಿದ ದಿನ ಮನೆಯಲ್ಲಿಯೇ ಇದ್ದೆವು." ಊರಿನಲ್ಲಿ ನಸುಕಿನಲ್ಲೆದ್ದು ಹೊಲಕ್ಕೆ ಹೋಗಿ ಬರುವವರು, ತೊಗರಿ ಹೇರಿಕೊಂಡು ಒಬ್ಬರೇ ಸೊಲ್ಲಾಪುರದ ಅಡತಿಗೆ ಹೋಗಿ ಲೆಕ್ಕ ಮುಗಿಸಿಕೊಂಡು ಬರುವವರು, ಅಲ್ಲಿ ಕಿಟಕಿಯ ಗಾಜಿನ ಹಿಂದೆ ಕುಳಿತು ಮಳೆ ನೋಡುತ್ತ ಶನಿವಾರದ ದಾರಿ ಕಾಯುತ್ತಾರೆ.

ಈ ಪರಾಧೀನತೆಗೆ ಭಾಷೆಯೊಂದನ್ನೇ ಕಾರಣವೆಂದು ಹೇಳುವುದುಂಟು. ಆದರೆ ಕನ್ನಡ ಬಾರದ ಊರುಗಳಲ್ಲಿ, ಮುಂಬಯಿಯಲ್ಲಿ, ಪುಣೆಯಲ್ಲಿ, ಕಾಶಿಯಲ್ಲಿ ಇದೇ ಹಿರಿಯರು ನಿರ್ಭಯವಾಗಿ ತಿರುಗಾಡಿ ಬಂದಿರುತ್ತಾರೆ. ಅಲ್ಲಿನ ರೈಲಿನ ರೀತಿ ಅವರಿಗೆ ಗೊತ್ತು. ಪರದೇಶದ ರೈಲಿನ ರೀತಿ ಗೊತ್ತಿಲ್ಲ. ವ್ಯತ್ಯಾಸ ಇಷ್ಟೇ ಎಂದು ನನ್ನ ಅಭಿಪ್ರಾಯ. ಆ ರೀತಿಯನ್ನು, ಅದರಲ್ಲಿಯೂ ಟಿಕೆಟ್ಟಿನ ಮರ್ಮವನ್ನು, ಹೊರಡುವ ಮುಂಚೆಯೇ ಮನೆಯಲ್ಲಿ ಕುಳಿತು ತಿಳಿದುಕೊಂಡರೆ ಅರವತ್ತು ದಾಟಿದ ದಂಪತಿಗಳು ಯಾರ ಹಂಗೂ ಇಲ್ಲದೆ ಬ್ರಿಟನ್ನಿನಲ್ಲಿ ಪ್ರಯಾಣ ಮಾಡಬಹುದು.

ಬ್ರಿಟನ್ನನ್ನೇ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಲಂಡನ್ ನಗರದ ಲ್ಯಾಂಬೆತ್ ಪ್ರದೇಶದಲ್ಲಿ, ಥೇಮ್ಸ್ ನದಿಯ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಮೇಲೆ, ವಿಶ್ವಗುರು ಬಸವಣ್ಣನವರ ಪುತ್ಥಳಿ ಇದೆ. 2015ರ ನವೆಂಬರ್ 14ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅದನ್ನು ಅನಾವರಣಗೊಳಿಸಿದರು. ಅದರ ಸ್ಥಾಪನೆಗಾಗಿ ದುಡಿದ ಲ್ಯಾಂಬೆತ್ ಬಸವೇಶ್ವರ ಫೌಂಡೇಶನ್ನಿನ ಡಾ. ನೀರಜ್ ಪಾಟೀಲರು ನಮ್ಮ ಕಲಬುರಗಿಯ ಕಡೆಯವರೇ, ಲ್ಯಾಂಬೆತ್‌ನ ಮೇಯರ್ ಆಗಿದ್ದವರು. ಬ್ರಿಟನ್ನಿಗೆ ಹೋದ ಬಸವಭಕ್ತರಿಗೆ ಆ ಸ್ಥಳವನ್ನು ನೋಡಬೇಕೆಂಬ ಹಂಬಲ ಸಹಜವಾದದ್ದು. ಮಕ್ಕಳ ಮನೆ ಮ್ಯಾಂಚೆಸ್ಟರಿನಲ್ಲಿಯೋ ಲೀಡ್ಸ್‌ನಲ್ಲಿಯೋ ಇದ್ದು, ಅವರಿಗೆ ಬಿಡುವಿಲ್ಲವೆಂಬ ಒಂದೇ ಕಾರಣಕ್ಕೆ ಆ ದರ್ಶನ ತಪ್ಪಿಹೋಗಬಾರದು.

ಹಾಲಿ ಸಿಕ್ಕಾ, ಕಲ್ದಾರ

ಅಫಜಲಪುರ ತಾಲೂಕಿನ ಭೀಮಾತೀರದ ಮಣ್ಣೂರಿನ ದಂಪತಿಗಳು ಮ್ಯಾಂಚೆಸ್ಟರಿನಲ್ಲಿರುವ ಮಗನ ಮನೆಗೆ ಹೋಗಿದ್ದಾರೆ ಎಂದಿಟ್ಟುಕೊಳ್ಳೋಣ. ಅವರ ಊರಿಗೆ ರೈಲಿಲ್ಲ. ಅಫಜಲಪುರಕ್ಕೂ ಇಲ್ಲ, ಆಳಂದಕ್ಕೂ ಇಲ್ಲ. ರೈಲು ಬೇಕೆಂದರೆ ಬಸ್ಸು ಹಿಡಿದು ಕಲಬುರಗಿಗೋ, ಗಾಣಗಾಪುರ ರೋಡ್ ನಿಲ್ದಾಣಕ್ಕೋ, ದುಧನಿಗೋ, ಸೊಲ್ಲಾಪುರಕ್ಕೋ ಹೋಗಬೇಕು. ಆದರೂ ಈ ಸೀಮೆಯವರಿಗೆ ರೈಲು ಹೊಸದಲ್ಲ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಮೊದಲ ಗಾಡಿ ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ಸೊಲ್ಲಾಪುರ, ಕಲಬುರಗಿ, ವಾಡಿಗಳ ಮೂಲಕ ಹಳಿ ಹಾಸಿಕೊಂಡು ಬಂದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ರೈಲ್ವೆಯೊಂದಿಗೆ ಕೂಡಿಕೊಂಡಿತು. ಮೂರು ವರ್ಷಗಳ ತರುವಾಯ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ನಿಜಾಮ ಸರಕಾರದ ರೈಲು ಹೊರಟಿತು.

ಪರರಾಜ್ಯ ಪ್ರಯಾಣವೂ ನಮ್ಮ ಅಜ್ಜಂದಿರಿಗೆ ಹೊಸದಾಗಿರಲಿಲ್ಲ. ಅಫಜಲಪುರ ನಿಜಾಮನ ಸೀಮೆ, ಪಕ್ಕದ ಅಕ್ಕಲಕೋಟೆ ಭೋಸಲೆ ಅರಸರ ಸಂಸ್ಥಾನ, ಅದರಾಚೆಯ ಸೊಲ್ಲಾಪುರ ಬ್ರಿಟಿಷರ ಮುಂಬಯಿ ಪ್ರಾಂತ. ಒಂದೇ ದಿನದ ಹಾದಿಯಲ್ಲಿ ಮೂರು ಸರಕಾರಗಳು. ನಿಜಾಮ ರಾಜ್ಯದ ನಾಣ್ಯ ಹಾಲಿ ಸಿಕ್ಕಾ, ಬ್ರಿಟಿಷರದು ಕಲ್ದಾರ. ಏಳು ಹಾಲಿಗೆ ಆರು ಕಲ್ದಾರ ಎಂಬುದು ಬಹುಕಾಲ ನಡೆದ ಲೆಕ್ಕ. ಬಾಯಿಲೆಕ್ಕದಲ್ಲಿಯೇ ಇದನ್ನು ತೂಗಿಸಿ ವ್ಯಾಪಾರ ಮಾಡಿದವರ ಮೊಮ್ಮಕ್ಕಳು ರೂಪಾಯಿ ಪೌಂಡುಗಳ ಲೆಕ್ಕಕ್ಕೆ ಹೆದರುವುದೇಕೆ?

ಇನ್ನೊಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆ. ಕಲಬುರಗಿ ನಿಲ್ದಾಣದ ಕಿಂಡಿಯಲ್ಲಿ ನಮ್ಮ ಹಿರಿಯರು ಕೈಚಾಚಿ ಪಡೆಯುತ್ತಿದ್ದ ಚಿಕ್ಕ ರಟ್ಟಿನ ಟಿಕೆಟ್ಟು ಹುಟ್ಟಿದ್ದೇ ಬ್ರಿಟನ್ನಿನಲ್ಲಿ. ಅದನ್ನು ರೂಪಿಸಿದವನು ಥಾಮಸ್ ಎಡ್ಮಂಡ್‌ಸನ್, ಕಸುಬಿನಿಂದ ಬಡಿಗ. 1792ರಲ್ಲಿ ಲ್ಯಾಂಕಾಸ್ಟರಿನಲ್ಲಿ ಜನಿಸಿ, ಪೀಠೋಪಕರಣ ಮಾಡುವ ಕೆಲಸ ಕಲಿತು, ಕಾರ್ಲೈಲಿನಲ್ಲಿ ಸ್ವಂತ ವ್ಯಾಪಾರ ಹೂಡಿ ದಿವಾಳಿಯಾದ. ಹೊಟ್ಟೆಪಾಡಿಗಾಗಿ 1836ರಲ್ಲಿ ನ್ಯೂಕ್ಯಾಸಲ್–ಕಾರ್ಲೈಲ್ ರೈಲ್ವೆಯ ಮಿಲ್ಟನ್ ಎಂಬ ಸಣ್ಣ ನಿಲ್ದಾಣದಲ್ಲಿ ಸ್ಟೇಶನ್ ಮಾಸ್ತರನಾಗಿ ಸೇರಿದ. ಅಲ್ಲಿಯವರೆಗೆ ಪ್ರತಿಯೊಬ್ಬ ಪ್ರಯಾಣಿಕನಿಗೂ ಕಾಗದದ ಚೀಟಿಯನ್ನು ಕೈಯಿಂದಲೇ ಬರೆದುಕೊಡುವ ಪದ್ಧತಿ ಇತ್ತು. ಸಮಯವೂ ಹಾಳು, ಹಣದ ಲೆಕ್ಕಕ್ಕೂ ಭದ್ರತೆ ಇಲ್ಲ. ಎಡ್ಮಂಡ್‌ಸನ್ ರಟ್ಟಿನ ತುಂಡುಗಳ ಮೇಲೆ ಊರಿನ ಹೆಸರನ್ನೂ ಸರಣಿ ಸಂಖ್ಯೆಯನ್ನೂ ಮೊದಲೇ ಅಚ್ಚುಹಾಕಿಟ್ಟ. ತಾರೀಖು ಒತ್ತುವ ಯಂತ್ರವನ್ನೂ ಮಾಡಿದ. ದಿನದ ಕೊನೆಗೆ ಉಳಿದ ಟಿಕೆಟ್ಟಿನ ಸಂಖ್ಯೆ ನೋಡಿದರೆ ಎಷ್ಟು ಮಾರಾಟವಾಯಿತೆಂಬುದು ತಾನಾಗಿಯೇ ತಿಳಿಯುತ್ತಿತ್ತು. ಈ ಪದ್ಧತಿಯನ್ನು ಬಳಸುವ ರೈಲು ಕಂಪನಿಗಳಿಂದ ಮೈಲಿಯೊಂದಕ್ಕೆ ವರ್ಷಕ್ಕೆ ಹತ್ತು ಶಿಲಿಂಗ್ ಪಡೆದು, ಆ ಗಳಿಕೆಯಿಂದ ಹಳೆಯ ಸಾಲಗಾರರ ಬಾಕಿಯನ್ನೆಲ್ಲ ತೀರಿಸಿದ. ನಮ್ಮ ಶರಣರ ಕಣ್ಣಿನಿಂದ ನೋಡಿದರೆ ಇದೊಂದು ಒಳ್ಳೆಯ ಕಾಯಕದ ಕಥೆ. ಬ್ರಿಟನ್ನಿನ ರೈಲು 1990ರಲ್ಲಿ ಆ ರಟ್ಟನ್ನು ಕೈಬಿಟ್ಟಿತು. ನಮ್ಮಲ್ಲಿ ಅದು ಇನ್ನೂ ಕೆಲವು ಕಾಲ ಉಳಿದಿತ್ತು.

ಟಿಕೆಟ್ಟು ಆಸನವಲ್ಲ

ಈಗ ಮುಖ್ಯ ವಿಷಯಕ್ಕೆ ಬರೋಣ. ದೂರದ ಪ್ರಯಾಣವೆಂದರೆ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರ ರಿಸರ್ವೇಶನ್ನಿನದು. ನಮ್ಮ ಹೆಸರು, ವಯಸ್ಸು, ಡಬ್ಬಿ, ಬರ್ತಿನ ಸಂಖ್ಯೆ ಎಲ್ಲವೂ ಚಾರ್ಟಿನಲ್ಲಿ ಇರುತ್ತದೆ. ಎರಡು ತಿಂಗಳ ಮುಂಚೆ ಕೊಂಡರೂ ನಾಲ್ಕು ದಿನ ಮುಂಚೆ ಕೊಂಡರೂ ಸಾಮಾನ್ಯ ಗಾಡಿಯ ಸ್ಲೀಪರ್ ದರ ಅದೇ. ತತ್ಕಾಲ್ ಮಾತ್ರ ಬೇರೆ. ಬ್ರಿಟನ್ನಿನಲ್ಲಿ ಈ ಎರಡೂ ಮಾತು ತಿರುಗುಮುರುಗಾಗುತ್ತವೆ. ಅಲ್ಲಿ ಬಹುಪಾಲು ಟಿಕೆಟ್ಟುಗಳ ಮೇಲೆ ಪ್ರಯಾಣಿಕನ ಹೆಸರೇ ಇರುವುದಿಲ್ಲ. ಸೀಟು ಕಾಯ್ದಿರಿಸದೆಯೂ ಅನೇಕ ಗಾಡಿಗಳನ್ನು ಹತ್ತಬಹುದು. ಖಾಲಿ ಇದ್ದಲ್ಲಿ ಕುಳಿತುಕೊಳ್ಳಬಹುದು, ಇಲ್ಲವಾದರೆ ನಿಲ್ಲಬೇಕು. ಆದರೆ ದರ ಮಾತ್ರ ಕೊಳ್ಳುವ ದಿನ, ಪ್ರಯಾಣದ ವೇಳೆಗಳ ಮೇಲೆ ಹಲವು ಪಟ್ಟು ಏರಿಳಿಯುತ್ತದೆ. ಅಂದರೆ ಅಲ್ಲಿ ಟಿಕೆಟ್ಟು ಎಂಬುದು ಆಸನವಲ್ಲ, ಒಂದು ಕರಾರು. ಯಾವ ಗಾಡಿಗೆ, ಯಾವ ವೇಳೆಗೆ, ಯಾವ ಮಾರ್ಗದಿಂದ ಎಂಬ ಮೂರು ಷರತ್ತುಗಳನ್ನು ಅದರ ಮೇಲೆ ಓದಿಕೊಂಡವನು ನಿಶ್ಚಿಂತನು.

ದರಗಳಲ್ಲಿ ಮೂರು ಬಗೆಯನ್ನು ನೆನಪಿಟ್ಟರೆ ಸಾಕು. ಮೊದಲನೆಯದು ‘ಅಡ್ವಾನ್ಸ್’. ಇದು ಎಲ್ಲಕ್ಕೂ ಅಗ್ಗ. ಸಾಮಾನ್ಯವಾಗಿ ಪ್ರಯಾಣಕ್ಕೆ ಸುಮಾರು ಹನ್ನೆರಡು ವಾರ ಮುಂಚೆ ಮಾರಾಟಕ್ಕೆ ಬರುತ್ತದೆ, ಅಗ್ಗದವು ಬೇಗ ಮುಗಿಯುತ್ತವೆ. ಟಿಕೆಟ್ಟಿನ ಮೇಲೆ ಬರೆದ ಗಾಡಿಗೆ ಮಾತ್ರ ಅದು ಸಲ್ಲುತ್ತದೆ. ಹತ್ತು ನಿಮಿಷ ತಡವಾಗಿ ಬಂದು ಮುಂದಿನ ಗಾಡಿ ಹತ್ತಿದರೆ ಟಿಕೆಟ್ಟು ಇಲ್ಲದವನೆಂದೇ ಲೆಕ್ಕ. ಹೋಗುವುದು ರದ್ದಾದರೆ ಹಣ ಮರಳದು. ಹೊರಡುವ ವೇಳೆಗೆ ಮುಂಚೆಯಾದರೆ ಶುಲ್ಕ ಕೊಟ್ಟು ದಿನವನ್ನು ಬದಲಾಯಿಸಬಹುದು. ಎರಡನೆಯದು ‘ಆಫ್ ಪೀಕ್’. ನೌಕರಿಗೆ ಹೋಗುವವರ ನೂಕುನುಗ್ಗಲು ಮುಗಿದ ಮೇಲೆ, ಅನೇಕ ಕಡೆ ಬೆಳಿಗ್ಗೆ ಒಂಬತ್ತೂವರೆಯ ನಂತರ, ಇದು ಸಲ್ಲುತ್ತದೆ. ಕೆಲವು ಮಾರ್ಗಗಳಲ್ಲಿ ಸಂಜೆಯ ನಿರ್ಬಂಧವೂ ಉಂಟು. ಶನಿವಾರ, ರವಿವಾರ ಸಾಮಾನ್ಯವಾಗಿ ಆ ತೊಡಕಿಲ್ಲ. ಈ ಟಿಕೆಟ್ಟಿನಲ್ಲಿ ಆ ದಿನದ ಯಾವ ಗಾಡಿಯನ್ನಾದರೂ ವೇಳೆಯ ಮಿತಿಯೊಳಗೆ ಹಿಡಿಯಬಹುದು. ಮೂರನೆಯದು ‘ಎನಿಟೈಮ್’. ಹೆಸರೇ ಹೇಳುವಂತೆ ಯಾವ ಹೊತ್ತಿಗೂ ಸಲ್ಲುತ್ತದೆ, ಬೆಲೆಯೂ ಹಾಗೆಯೇ ಇದೆ. ಮ್ಯಾಂಚೆಸ್ಟರಿನಿಂದ ಲಂಡನ್ನಿಗೆ ಹೋಗಿ ಬರುವ ಎನಿಟೈಮ್ ಟಿಕೆಟ್ಟು ಒಬ್ಬರಿಗೆ ಮುನ್ನೂರು ಪೌಂಡುಗಳನ್ನು ಮೀರುತ್ತದೆ. ಅದೇ ಹಳಿ, ಅದೇ ಡಬ್ಬಿ. ಪಕ್ಕದಲ್ಲಿ ಕುಳಿತವನು ಅದರ ಕಾಲು ಭಾಗಕ್ಕಿಂತ ಕಡಿಮೆ ಹಣ ಕೊಟ್ಟಿರಬಹುದು. ಇದು ನ್ಯಾಯವೇ ಎಂದು ಕೇಳಿದರೆ ನನಗಂತೂ ಅಲ್ಲವೆಂದೇ ತೋರುತ್ತದೆ. ನಮ್ಮಲ್ಲಿಯೂ ಕೆಲವು ಗಾಡಿಗಳಿಗೆ ಇಂತಹ ಏರುದರದ ಪದ್ಧತಿ ಬಂದಿದೆ.

ಆದುದರಿಂದ ಮಣ್ಣೂರಿನ ನಮ್ಮ ದಂಪತಿಗಳು ಮಾಡಬೇಕಾದದ್ದು ಇಷ್ಟು. ಹೋಗುವ ದಿನ ನಿಶ್ಚಿತವಾಗಿದ್ದರೆ ಅಡ್ವಾನ್ಸ್ ಕೊಳ್ಳಬೇಕು, ಹವೆ ನೋಡಿಕೊಂಡು ಹೊರಡುವ ಮನಸ್ಸಿದ್ದರೆ ಆಫ್ ಪೀಕ್ ಕೊಳ್ಳಬೇಕು. ಎನಿಟೈಮಿನ ಗೊಡವೆಗೇ ಹೋಗಬೇಕಾಗಿಲ್ಲ. ಹಿರಿಯರಿಗೆ ಬೆಳಗಿನ ಏಳು ಗಂಟೆಯ ಗಾಡಿಯ ಅವಸರವೇನು? ಸ್ನಾನ, ಲಿಂಗಪೂಜೆ, ಪ್ರಸಾದ ಮುಗಿಸಿಕೊಂಡು ಹತ್ತು ಗಂಟೆಗೆ ಹೊರಟರೆ ದರವೂ ಕಡಿಮೆ, ಕೂಡಲು ಜಾಗವೂ ಸಿಗುತ್ತದೆ. ಟಿಕೆಟ್ಟನ್ನು ರೈಲು ಕಂಪನಿಗಳ ಸ್ವಂತ ತಾಣದಿಂದಲೋ ನಿಲ್ದಾಣದ ಕಿಂಡಿಯಿಂದಲೋ ಕೊಳ್ಳುವುದು ಲೇಸು. ನಡುವಿನ ಕೆಲವು ಮಾರಾಟಗಾರರು ಬುಕಿಂಗ್ ಶುಲ್ಕವನ್ನು ಹೆಚ್ಚುವರಿಯಾಗಿ ಸೇರಿಸುತ್ತಾರೆ. ಒಂದು ದೂರವನ್ನು ಎರಡು ಮೂರು ತುಂಡು ಮಾಡಿ ಟಿಕೆಟ್ಟು ಕೊಂಡು ಹಣ ಉಳಿಸುವ ಉಪಾಯವೂ ಅಲ್ಲಿ ಪ್ರಚಾರದಲ್ಲಿದೆ. ನಡುವಿನ ನಿಲ್ದಾಣದಲ್ಲಿ ಗಾಡಿ ನಿಲ್ಲುವಂತಿದ್ದರೆ ಅದು ನಿಯಮಬದ್ಧವೇ. ಆದರೆ ಕೈಯಲ್ಲಿ ನಾಲ್ಕಾರು ಚೀಟಿ ಹಿಡಿದು ಗೊಂದಲಪಡುವುದು ಹಿರಿಯರಿಗೆ ಬೇಡವೆಂದು ನನ್ನ ಸಲಹೆ. ಅದನ್ನು ಮಕ್ಕಳಿಗೆ ಬಿಟ್ಟುಬಿಡಿ.

ಹಿರಿಯರ ರಿಯಾಯಿತಿಯ ಮಾತು. ನಮ್ಮ ದೇಶದಲ್ಲಿ ಅರವತ್ತು ತುಂಬಿದ ಪುರುಷರಿಗೆ ನೂರಕ್ಕೆ ನಲವತ್ತು, ಐವತ್ತೆಂಟು ತುಂಬಿದ ಮಹಿಳೆಯರಿಗೆ ನೂರಕ್ಕೆ ಐವತ್ತು ದೊರೆಯುತ್ತಿದ್ದ ರೈಲು ರಿಯಾಯಿತಿ 2020ರ ಮಾರ್ಚ್ ತಿಂಗಳಲ್ಲಿ ನಿಂತುಹೋಯಿತು. ಬ್ರಿಟನ್ನಿನಲ್ಲಿ ಅರವತ್ತು ತುಂಬಿದ ಯಾರೇ ಆಗಲಿ, ಆ ದೇಶದ ಪ್ರಜೆಯಲ್ಲದಿದ್ದರೂ, ‘ಸೀನಿಯರ್ ರೈಲ್‌ಕಾರ್ಡ್’ ಕೊಳ್ಳಬಹುದು. ವಯಸ್ಸಿನ ಆಧಾರಕ್ಕೆ ಪಾಸ್‌ಪೋರ್ಟ್ ಸಾಕು. ಮೂವತ್ತು ಪೌಂಡ್ ಇದ್ದ ಅದರ ಬೆಲೆ 2025ರ ಮಾರ್ಚ್‌ನಲ್ಲಿ ಮೂವತ್ತೈದಾಯಿತು. ಒಂದು ವರ್ಷ ನಡೆಯುತ್ತದೆ, ಬಹುತೇಕ ಟಿಕೆಟ್ಟುಗಳಲ್ಲಿ ಮೂರರಲ್ಲೊಂದು ಭಾಗ ಉಳಿಸುತ್ತದೆ. ನೂರೈದು ಪೌಂಡಿನ ಪ್ರಯಾಣ ಮಾಡಿದರೆ ಕಾರ್ಡಿನ ಹಣ ಹುಟ್ಟಿತು ಎಂದು ಲೆಕ್ಕ. ಇದಕ್ಕಿಂತಲೂ ನಮ್ಮ ದಂಪತಿಗಳಿಗೆ ಒಪ್ಪುವ ಇನ್ನೊಂದು ಕಾರ್ಡಿದೆ, ಅದು ‘ಟೂ ಟುಗೆದರ್’. ಇದರಲ್ಲಿ ಇಬ್ಬರ ಹೆಸರೂ ಭಾವಚಿತ್ರವೂ ಒಂದೇ ಕಾರ್ಡಿನಲ್ಲಿ ಇರುತ್ತವೆ. ಬೆಲೆ ಅಷ್ಟೇ, ರಿಯಾಯಿತಿಯೂ ಅಷ್ಟೇ. ಷರತ್ತು ಏನೆಂದರೆ ಇಬ್ಬರೂ ಜೊತೆಯಾಗಿಯೇ ಪ್ರಯಾಣ ಮಾಡಬೇಕು, ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ಒಂಬತ್ತೂವರೆಯ ಮುಂಚೆ ಹೊರಡಬಾರದು. ಯಜಮಾನರನ್ನು ಬಿಟ್ಟು ಯಜಮಾನತಿ, ಯಜಮಾನತಿಯನ್ನು ಬಿಟ್ಟು ಯಜಮಾನರು ತಿರುಗಾಡುವ ರೂಢಿ ಇಲ್ಲದ ಮನೆಗಳಲ್ಲಿ ಎರಡು ಕಾರ್ಡಿನ ಬದಲು ಈ ಒಂದೇ ಸಾಕಾಗುತ್ತದೆ. ಕಾರ್ಡನ್ನು ಮನೆಯಲ್ಲಿಟ್ಟು ಬರಬಾರದು, ಅದು ಜೊತೆಗಿಲ್ಲದಿದ್ದರೆ ರಿಯಾಯಿತಿಯ ಟಿಕೆಟ್ಟು ಸಲ್ಲದು. ಮೊಮ್ಮಕ್ಕಳು ಜೊತೆಗಿದ್ದರೆ ಐದು ವರ್ಷದೊಳಗಿನವರಿಗೆ ಟಿಕೆಟ್ಟಿಲ್ಲ, ಐದರಿಂದ ಹದಿನೈದರವರೆಗೆ ಅರ್ಧ.

ದಂಡದ ವಿಷಯವನ್ನೂ ಹೇಳಬೇಕು. ಇಂಗ್ಲೆಂಡಿನ ರೈಲುಗಳಲ್ಲಿ ಸಲ್ಲುವ ಟಿಕೆಟ್ಟಿಲ್ಲದೆ ಸಿಕ್ಕವರಿಗೆ 2023ರ ಜನವರಿಯಿಂದ ನೂರು ಪೌಂಡ್ ದಂಡ, ಅದರ ಮೇಲೆ ಟಿಕೆಟ್ಟಿನ ದರ. ಇಪ್ಪತ್ತೊಂದು ದಿನಗಳೊಳಗೆ ಕಟ್ಟಿದರೆ ದಂಡ ಅರ್ಧಕ್ಕಿಳಿಯುತ್ತದೆ. ನಮ್ಮಲ್ಲಿ ಗಾಡಿ ಹತ್ತಿದ ಮೇಲೆ ಟಿ.ಸಿ.ಯನ್ನು ಕಂಡು ಹಣ ಕೊಟ್ಟು ಸೀಟು ಮಾಡಿಸಿಕೊಳ್ಳುವ ರೂಢಿಯಿದೆಯಲ್ಲ, ಆ ಭರವಸೆಯ ಮೇಲೆ ಅಲ್ಲಿ ಗಾಡಿ ಹತ್ತಲೇಬಾರದು. ಪ್ರಯಾಣಿಕರ ಪರವಾದ ನಿಯಮಗಳೂ ಉಂಟು. ಒಂದು ಗಾಡಿ ತಡವಾದ ಕಾರಣ ಮುಂದಿನ ಗಾಡಿ ತಪ್ಪಿದರೆ, ಇಡೀ ದೂರಕ್ಕೆ ಪಡೆದ ಅಡ್ವಾನ್ಸ್ ಟಿಕೆಟ್ಟಿನ ಮೇಲೆ ನಂತರದ ಗಾಡಿಯನ್ನು ಹಿಡಿಯಬಹುದು. ಗಾಡಿ ಬಹಳ ತಡವಾದರೆ, ಕಂಪನಿಗೆ ತಕ್ಕಂತೆ ಹದಿನೈದು ಅಥವಾ ಮೂವತ್ತು ನಿಮಿಷ ಮೀರಿದರೆ, ಅರ್ಜಿ ಹಾಕಿದವರಿಗೆ ಟಿಕೆಟ್ಟಿನ ಹಣದಲ್ಲಿ ಒಂದು ಭಾಗ ಮರಳಿ ಬರುತ್ತದೆ. ಅರ್ಜಿ ಹಾಕದವರಿಗೆ ಸಾಮಾನ್ಯವಾಗಿ ಬರುವುದಿಲ್ಲ.

ನಿಲ್ದಾಣದಲ್ಲಿ, ಗಾಡಿಯಲ್ಲಿ

ದೊಡ್ಡ ನಿಲ್ದಾಣಗಳಲ್ಲಿ ಜನರು ತಲೆಯೆತ್ತಿ ಫಲಕವನ್ನೇ ನೋಡುತ್ತ ನಿಂತಿರುವುದು ಮೊದಲಿಗೆ ವಿಚಿತ್ರವೆನಿಸುತ್ತದೆ. ಕಾರಣವೇನೆಂದರೆ ಪ್ಲಾಟ್‌ಫಾರಂ ಸಂಖ್ಯೆಯನ್ನು ಗಾಡಿ ಹೊರಡುವುದಕ್ಕೆ ಕೆಲವೇ ನಿಮಿಷ ಮುಂಚೆ ತೋರಿಸುವುದು ಅಲ್ಲಿ ಸಾಮಾನ್ಯ. ಸಂಖ್ಯೆ ಬಂದೊಡನೆ ಎಲ್ಲರೂ ಒಮ್ಮೆಲೇ ನಡೆಯುತ್ತಾರೆ. ಗಾಬರಿಗೊಳ್ಳದೆ ಅವರ ಹಿಂದೆ ಹೋಗಬೇಕು. ಬಾಗಿಲು ತೆರೆಯಲು ಗುಂಡಿ ಒತ್ತಬೇಕಾಗುವುದುಂಟು, ಹೊರಡುವ ವೇಳೆಗೆ ಸ್ವಲ್ಪ ಮೊದಲೇ ಬಾಗಿಲು ಮುಚ್ಚಿಬಿಡುತ್ತದೆ. ಚಲಿಸುವ ಗಾಡಿಯನ್ನು ಓಡಿ ಹಿಡಿಯುವ ಪ್ರಶ್ನೆಯೇ ಇಲ್ಲ. ಕೆಂಪಂಗಿಯ ಹಮಾಲರೂ ಇಲ್ಲ. ಆದ್ದರಿಂದ ತಾವೇ ಎತ್ತಬಲ್ಲಷ್ಟು ಭಾರವನ್ನು ಮಾತ್ರ ಒಯ್ಯಬೇಕು.

ಮೊಣಕಾಲು ನೋವಿನವರು, ಕೋಲು ಹಿಡಿದವರು, ಗಾಲಿಕುರ್ಚಿಯವರು ‘ಪ್ಯಾಸೆಂಜರ್ ಅಸಿಸ್ಟ್’ ಎಂಬ ನೆರವನ್ನು ಕೇಳಿಕೊಳ್ಳಬಹುದು. ಪ್ರಯಾಣಕ್ಕೆ ಎರಡು ತಾಸು ಮುಂಚೆಯಾದರೂ ತಿಳಿಸಿದರೆ ನಿಲ್ದಾಣದ ಸಿಬ್ಬಂದಿ ಗಾಡಿಯವರೆಗೆ ಕರೆದೊಯ್ದು ಹತ್ತಿಸುತ್ತಾರೆ, ಇಳಿಯುವಲ್ಲಿಯೂ ಬಂದು ಇಳಿಸಿಕೊಳ್ಳುತ್ತಾರೆ. ಇದಕ್ಕೆ ಹಣವಿಲ್ಲ. ಇದು ಅಲ್ಲಿ ಪ್ರಯಾಣಿಕರ ಹಕ್ಕು, ಯಾರ ಉಪಕಾರವೂ ಅಲ್ಲ. ಸಂಕೋಚದಿಂದ ಅದನ್ನು ಬಿಟ್ಟುಕೊಡುವವರೇ ನಮ್ಮಲ್ಲಿ ಹೆಚ್ಚು. ಇಂಗ್ಲಿಷ್ ಬಾರದವರು ಒಂದು ಚೀಟಿಯಲ್ಲಿ ಇಳಿಯುವ ನಿಲ್ದಾಣದ ಹೆಸರು, ಗಾಡಿ ಹೊರಡುವ ವೇಳೆ, ಮಗನ ದೂರವಾಣಿ ಸಂಖ್ಯೆಗಳನ್ನು ಇಂಗ್ಲಿಷಿನಲ್ಲಿ ಬರೆಯಿಸಿಕೊಂಡು ಕಿಸೆಯಲ್ಲಿಟ್ಟಿರಬೇಕು. ಮೊಬೈಲಿನಲ್ಲಿ ಎಲ್ಲ ಇದೆಯೆಂದು ಯುವಕರು ನಗಬಹುದು. ಮೊಬೈಲಿನ ಚಾರ್ಜು ಮುಗಿದರೆ ಅದರೊಳಗಿನ ಟಿಕೆಟ್ಟೂ ಮುಗಿದಂತೆ. ಸಾಧ್ಯವಿದ್ದಲ್ಲಿ ಟಿಕೆಟ್ಟನ್ನು ಕಾಗದದಲ್ಲಿಯೇ ಪಡೆದಿರುವುದು ಹಿರಿಯರಿಗೆ ಕ್ಷೇಮ.

ಬುತ್ತಿ ಕಟ್ಟಿಕೊಂಡು ಹೋಗಲು ಅಡ್ಡಿಯಿಲ್ಲ. ಗಾಡಿಯಲ್ಲಿ ಸಸ್ಯಾಹಾರ ಸಿಕ್ಕರೂ ಬ್ರೆಡ್ಡಿನ ಹೋಳುಗಳ ನಡುವೆ ಏನಿದೆಯೆಂದು ವಿಚಾರಿಸಬೇಕು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಳ್ಳುಹೋಳಿಗೆ ಇದ್ದರೆ ಆ ವಿಚಾರಣೆಯೇ ಬೇಡ. ಇಷ್ಟಲಿಂಗ ಧರಿಸಿದವರಿಗೆ ಬ್ರಿಟನ್ನಿನ ಒಳನಾಡಿನ ರೈಲುಗಳಲ್ಲಿ ಯಾವ ತೊಂದರೆಯೂ ಇಲ್ಲ, ವಿಮಾನ ನಿಲ್ದಾಣದಂತಹ ತಪಾಸಣೆ ಅಲ್ಲಿ ಇಲ್ಲವೇ ಇಲ್ಲ. ಕಡಲ ಕೆಳಗಿನ ಸುರಂಗದಿಂದ ಪ್ಯಾರಿಸ್ಸಿಗೆ ಹೋಗುವ ಯೂರೋಸ್ಟಾರ್ ಗಾಡಿಗೆ ಮಾತ್ರ ತಪಾಸಣೆ ಉಂಟು. ಬೆಳ್ಳಿಯ ಕರಡಿಗೆ ಇದ್ದರೆ ಯಂತ್ರ ಕೂಗುವ ಮುಂಚೆಯೇ ಅಧಿಕಾರಿಗೆ ಇದು ಧಾರ್ಮಿಕ ಲಾಂಛನವೆಂದು ಸಮಾಧಾನದಿಂದ ತಿಳಿಸಿ, ತಾವೇ ತೆರೆದು ತೋರಿಸುವೆವೆಂದು ಕೇಳಿಕೊಳ್ಳಬೇಕು. ವಿಭೂತಿಯನ್ನು ಪುಡಿಯ ರೂಪದಲ್ಲಿ ಒಯ್ಯುವುದಕ್ಕಿಂತ ಗಟ್ಟಿಯ ರೂಪದಲ್ಲಿ ಒಯ್ಯುವುದು ಲೇಸು. ಪೊಟ್ಟಣದಲ್ಲಿ ಬಿಳಿಯ ಪುಡಿ ಕಂಡರೆ ಯಾವ ದೇಶದ ಪೊಲೀಸನಾದರೂ ಹುಬ್ಬೇರಿಸುತ್ತಾನೆ.

ಯೂರೋಸ್ಟಾರಿನ ಬಗ್ಗೆ ಇನ್ನೆರಡು ಮಾತು. 1994ರಲ್ಲಿ ತೆರೆದ ಆ ಸುರಂಗ ಸುಮಾರು 50 ಕಿಲೋಮೀಟರ್ ಉದ್ದವಿದ್ದು, ಅದರಲ್ಲಿ ಸುಮಾರು 38 ಕಿಲೋಮೀಟರ್ ಸಮುದ್ರದ ತಳದ ಕೆಳಗಿದೆ. ಲಂಡನ್ನಿನಿಂದ ಪ್ಯಾರಿಸ್ಸಿಗೆ ಎರಡೂಕಾಲು ತಾಸಿಗಿಂತ ಸ್ವಲ್ಪ ಹೆಚ್ಚು. ಆದರೆ ಬ್ರಿಟನ್ನಿನ ವೀಸಾದ ಮೇಲೆ ಫ್ರಾನ್ಸಿಗೆ ಹೋಗಲಾಗದು. ಭಾರತದ ಪಾಸ್‌ಪೋರ್ಟಿನವರಿಗೆ ಷೆಂಗೆನ್ ವೀಸಾ ಪ್ರತ್ಯೇಕವಾಗಿ ಬೇಕು. ಹಾಲಿನ ಪದಾರ್ಥಗಳನ್ನು ಬ್ರಿಟನ್ನಿನಿಂದ ಯೂರೋಪಿನ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ, ಧಾರವಾಡ ಪೇಡೆಗಳನ್ನು ಮನೆಯಲ್ಲಿಯೇ ಬಿಡಬೇಕು. ಇತರ ದೇಶಗಳ ವಿಚಾರವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಇಟಲಿಯಲ್ಲಿ ಸ್ಥಳೀಯ ಗಾಡಿಗಳ ಕಾಗದದ ಟಿಕೆಟ್ಟನ್ನು ಹತ್ತುವ ಮುಂಚೆ ಯಂತ್ರದಲ್ಲಿ ಒತ್ತಿಸಬೇಕು, ಒತ್ತಿಸದಿದ್ದರೆ ಟಿಕೆಟ್ಟಿದ್ದೂ ದಂಡ ಬೀಳುತ್ತದೆ. ಜಪಾನಿನಲ್ಲಿ ವಿದೇಶೀಯರಿಗಾಗಿಯೇ ಇರುವ ಏಳು ದಿನದ ಪಾಸಿನ ಬೆಲೆ 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಈಗ ಲೆಕ್ಕ ಹಾಕದೆ ಅದನ್ನು ಕೊಳ್ಳಬಾರದು. ಅಮೆರಿಕೆಯ ಆಮ್‌ಟ್ರ್ಯಾಕ್‌ನಲ್ಲಿ ಅರವತ್ತೈದು ತುಂಬಿದವರಿಗೆ ಬಹುತೇಕ ಗಾಡಿಗಳಲ್ಲಿ ನೂರಕ್ಕೆ ಹತ್ತು ರಿಯಾಯಿತಿ ಉಂಟು, ಆದರೆ ಅಲ್ಲಿ ಅನೇಕ ಊರುಗಳಿಗೆ ರೈಲೇ ಇಲ್ಲ, ನಮ್ಮ ಅಫಜಲಪುರದಂತೆ.

ಲಂಡನ್ನಿನಲ್ಲಿ ಇಳಿದ ಮೇಲೆ

ಲಂಡನ್ನಿನ ಸುರಂಗ ರೈಲಿಗೆ ಟಿಕೆಟ್ಟು ಕೊಳ್ಳುವ ಗೋಜೇ ಬೇಡ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗುರುತಿನ, ಮುಟ್ಟಿಸಿದರೆ ಹಣ ಕಡಿಯುವ ಬ್ಯಾಂಕ್ ಕಾರ್ಡನ್ನು ಒಳಹೋಗುವಾಗ ಹಳದಿ ವೃತ್ತಕ್ಕೆ ಮುಟ್ಟಿಸಬೇಕು, ಹೊರಬರುವಾಗ ಮತ್ತೆ ಮುಟ್ಟಿಸಬೇಕು. ಹೊರಬರುವಾಗ ಮರೆತರೆ ಗರಿಷ್ಠ ದರ ಕಡಿಯುತ್ತದೆ. ಒಂದು ದಿನದಲ್ಲಿ ಎಷ್ಟು ಸಲ ತಿರುಗಾಡಿದರೂ ಇಂತಿಷ್ಟೇ ಎಂಬ ಮಿತಿಯಿದೆ. ಗಂಡಹೆಂಡಿರಿಬ್ಬರಿಗೂ ಒಂದೇ ಕಾರ್ಡು ನಡೆಯದು, ಇಬ್ಬರಿಗೂ ಬೇರೆ ಬೇರೆ ಬೇಕು. ಇಲ್ಲಿಂದಲೇ ಕಾರ್ಡು ಒಯ್ಯುವವರು ಅದರಲ್ಲಿ ವಿದೇಶಿ ಬಳಕೆ ತೆರೆದಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ ಹೊರಡಬೇಕು. 2020ರಿಂದ ರಿಸರ್ವ್ ಬ್ಯಾಂಕಿನ ಆದೇಶದಂತೆ ಹೊಸ ಕಾರ್ಡುಗಳಲ್ಲಿ ಆ ಸೌಲಭ್ಯ ಮುಚ್ಚಿಯೇ ಬರುತ್ತದೆ. ಇದಾವುದೂ ಬೇಡವೆನ್ನುವವರಿಗೆ ನಿಲ್ದಾಣದಲ್ಲಿಯೇ ಸಿಗುವ ಆಯ್ಸ್ಟರ್ ಕಾರ್ಡು ಇದೆ, ಹಣ ತುಂಬಿಸಿ ಬಳಸುವುದು.

ಬಸವಭಕ್ತರಿಗೆ ಅನುಕೂಲವಾದ ಒಂದು ಸಂಗತಿ ಇಲ್ಲಿದೆ. ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್‌ಗಳಿಂದ ಬರುವ ಗಾಡಿಗಳು ಯೂಸ್ಟನ್‌ನಲ್ಲಿ ನಿಲ್ಲುತ್ತವೆ. ಲೀಡ್ಸ್‌ನಿಂದ ಬರುವವು ಕಿಂಗ್ಸ್ ಕ್ರಾಸ್‌ನಲ್ಲಿ, ಲೆಸ್ಟರಿನಿಂದ ಬರುವವು ಅದರ ಪಕ್ಕದ ಸೇಂಟ್ ಪ್ಯಾಂಕ್ರಸ್‌ನಲ್ಲಿ. ಈ ಮೂರಕ್ಕೂ ತಿಳಿನೀಲಿ ಬಣ್ಣದಲ್ಲಿ ಗುರುತಿಸುವ ವಿಕ್ಟೋರಿಯಾ ಮಾರ್ಗದ ಸುರಂಗ ರೈಲು ತಾಗಿದೆ, ಅದೇ ರೈಲು ಬಸವಣ್ಣನವರ ಪುತ್ಥಳಿಗೆ ಸಮೀಪದ ವಾಕ್ಸಾಲ್ ನಿಲ್ದಾಣಕ್ಕೆ ನೇರವಾಗಿ ಹೋಗುತ್ತದೆ. ಎಲ್ಲಿಯೂ ಬದಲಿಸಬೇಕಾಗಿಲ್ಲ. ದಕ್ಷಿಣಕ್ಕೆ ಹೋಗುವ, ಬ್ರಿಕ್ಸ್‌ಟನ್ ಎಂದು ಬರೆದ ಗಾಡಿಯನ್ನು ಹತ್ತಬೇಕು. ಯೂಸ್ಟನ್‌ನಿಂದ ಎಣಿಸಿದರೆ ವಾರನ್ ಸ್ಟ್ರೀಟ್, ಆಕ್ಸ್‌ಫರ್ಡ್ ಸರ್ಕಸ್, ಗ್ರೀನ್ ಪಾರ್ಕ್, ವಿಕ್ಟೋರಿಯಾ, ಪಿಮ್ಲಿಕೊ, ಆರನೆಯದು ವಾಕ್ಸಾಲ್. ಹೀಥ್ರೂ ವಿಮಾನ ನಿಲ್ದಾಣದ ಕಡೆಯಿಂದ ಬರುವವರು ಪಿಕ್ಯಾಡಿಲಿ ಮಾರ್ಗದಲ್ಲಿ ಗ್ರೀನ್ ಪಾರ್ಕ್‌ವರೆಗೆ ಬಂದು ಅಲ್ಲಿ ಇದೇ ತಿಳಿನೀಲಿ ಮಾರ್ಗಕ್ಕೆ ಬದಲಿಸಬೇಕು. ವಾಕ್ಸಾಲ್ ಎಂಬ ಈ ಹೆಸರಿನಿಂದಲೇ ರಷ್ಯನ್ ಭಾಷೆಯಲ್ಲಿ ರೈಲು ನಿಲ್ದಾಣಕ್ಕೆ ‘ವಕ್ಜಾಲ್’ ಎಂಬ ಮಾತು ಹುಟ್ಟಿತೆಂದು ಹೇಳುತ್ತಾರೆ.

ಹೋಗುವ ದಿನವನ್ನು ಆರಿಸುವಾಗ ಡಿಸೆಂಬರ್ 25ನ್ನು ಬಿಡಬೇಕು, ಅಂದು ಇಡೀ ದೇಶದಲ್ಲಿ ರೈಲು ಓಡುವುದಿಲ್ಲ. ರವಿವಾರಗಳಲ್ಲಿ ಹಳಿಯ ದುರಸ್ತಿಗಾಗಿ ಅರ್ಧ ದಾರಿಗೆ ಬಸ್ಸಿನಲ್ಲಿ ಕಳಿಸುವುದುಂಟು, ಹಿಂದಿನ ದಿನವೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ವಾಕ್ಸಾಲ್‌ನಿಂದ ಹೊರಬಂದು ಥೇಮ್ಸ್ ನದಿಯನ್ನು ಎಡಗಡೆಗೆ ಇಟ್ಟುಕೊಂಡು ದಂಡೆಯ ರಸ್ತೆಯಲ್ಲಿ ಲ್ಯಾಂಬೆತ್ ಸೇತುವೆಯ ಕಡೆಗೆ ನಡೆಯಬೇಕು. ಹಿರಿಯರ ನಡಿಗೆಯಲ್ಲಿಯೂ ಬಹಳ ದೂರವಲ್ಲ. ರಸ್ತೆಯ ಪಕ್ಕದ ಚಿಕ್ಕ ಉದ್ಯಾನದಲ್ಲಿ ಬಸವಣ್ಣನವರಿದ್ದಾರೆ. ಅಲ್ಲಿ ಕರ್ಪೂರ, ಊದುಬತ್ತಿ ಬೆಳಗುವುದು ತರವಲ್ಲ. ಹೂವನ್ನು ಅರ್ಪಿಸಿ ಶರಣು ಮಾಡಿ ಸ್ವಲ್ಪ ಹೊತ್ತು ಕುಳಿತಿರಬಹುದು. ನೀರಿನ ಗಾಳಿ ತಣ್ಣಗಿರುತ್ತದೆ, ಅವ್ವನವರಿಗೆ ಶಾಲು ಇರಲಿ. ಮರಳುವಾಗ ವಾಕ್ಸಾಲ್‌ನಲ್ಲಿ ಉತ್ತರದ ಕಡೆಯ, ವಾಲ್ಥಮ್‌ಸ್ಟೋ ಎಂದು ಬರೆದ ಗಾಡಿಯನ್ನು ಹತ್ತಿ ಆರನೆಯ ನಿಲ್ದಾಣದಲ್ಲಿ ಇಳಿದರೆ ಯೂಸ್ಟನ್. ಆಫ್ ಪೀಕ್ ಟಿಕೆಟ್ಟಿನವರು ಸಂಜೆಯ ನಿರ್ಬಂಧದ ವೇಳೆಯನ್ನು ಬೆಳಿಗ್ಗೆಯೇ ಚೀಟಿಯಲ್ಲಿ ಬರೆಯಿಸಿಕೊಂಡಿರಬೇಕು.